ಕಣಿಕೆಗೂ ಒಂದು ಅಂಕ ಇರಲಿ

ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ ಸಾಮಾನ್ಯವಾಗಿ ನನ್ನ ಕೈಬರಹವನ್ನೋ, ಬಣ್ಣದ ಸೀಮೆಸುಣ್ಣದಲ್ಲಿ ನಾನು ಬಿಡಿಸುತ್ತಿದ್ದ ಹೃದಯದ ಚಿತ್ರವನ್ನೋ, ಕೆಲವರು ನನ್ನ ಬೆತ್ತವನ್ನೋ ನೆನೆಯುತ್ತಾರೆ. ಕಳೆದ ದೀಪಾವಳಿಯ ಸಮಯದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಗೆ, ಬಂಧುಗಳ ಮನೆಗೆ ಹೋಗಿದ್ದೆ. ಕೊರಳಿಗೆ ಕೊಬ್ಬರಿಯ ಹಾರ ಕಟ್ಟಿಸಿಕೊಂಡ ಹೋರಿಗಳು ಓಣಿಯಲ್ಲಿ ನುಗ್ಗಿ ಬರುವುದನ್ನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಾಗ ಒಬ್ಬ ಹಳೆಯ ವಿದ್ಯಾರ್ಥಿ ಬಂದು ನಮಸ್ಕರಿಸಿದ. ತಲೆ ಅರ್ಧ ನರೆತಿದೆ. ಮಗಳ ಮದುವೆಯನ್ನೂ ಮಾಡಿದ್ದಾನೆ. ಕುಶಲ ವಿಚಾರಿಸಿದ ಮೇಲೆ, "ಸರ, ನನ್ನ ಒಂದು ಪ್ರಶ್ನೆಗೆ ನೀವು ಉತ್ತರಾ ಕೊಡೂದು ಇನ್ನೂ ಬಾಕಿ ಐತ್ರಿ" ಎಂದು ನಕ್ಕ.

ಪ್ರಶ್ನೆ ಯಾವುದೆಂದು ಅವನು ಹೇಳುವ ಮೊದಲೇ ನನಗೆ ನೆನಪಾಯಿತು. ತೊಂಬತ್ತರ ದಶಕದ ಆರಂಭದ ಮಾತು. ಸಸ್ಯ ಅಂಗಾಂಶಗಳ ಪಾಠ ನಡೆದಿತ್ತು. "ಕ್ಸೈಲಂ ಕೋಶಗಳ ಭಿತ್ತಿಯಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಇರುತ್ತದೆ" ಎಂದು ಹಲಗೆಯ ಮೇಲೆ ಬರೆದು, ಇದು ಒಂದು ಅಂಕದ ಪ್ರಶ್ನೆಯೆಂದು ಅಡಿಗೆರೆ ಎಳೆದಿದ್ದೆ. ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಈ ಹುಡುಗ ಎದ್ದು ನಿಂತು ಕೇಳಿದ: "ಸರ, ನಮ್ಮ ಎತ್ತು ಹಳೇ ಜ್ವಾಳದ ಕಣಕಿ ಬುಡತನಕ ತಿಂತಾವ್ರಿ. ಈ ಹೊಸಾ ಬೀಜದ ಕಣಕಿ ಅರ್ಧಾ ಬಿಡ್ತಾವು. ಅದಕ್ಕೂ ಇದೇ ಲಿಗ್ನಿನ್ ಕಾರಣೇನ್ರಿ?"

ನಾನು ಕೊಟ್ಟ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ. "ಅದು ಪರೀಕ್ಷಾಕ್ಕ ಬರೂದಿಲ್ಲ, ಕೂಡು." ತರಗತಿ ನಕ್ಕಿತು. ಹುಡುಗ ಕುಳಿತ. ಮುಂದೆ ಅವನು ನನ್ನ ಪಾಠದಲ್ಲಿ ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ನಿಜ ಹೇಳಬೇಕೆಂದರೆ ಉತ್ತರ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳುವ ಧೈರ್ಯವೂ ಇರಲಿಲ್ಲ. ಮೂವತ್ತೈದು ವರ್ಷಗಳ ವೃತ್ತಿಯಲ್ಲಿ ನಾನು ಮಾಡಿದ ತಪ್ಪುಗಳ ಪಟ್ಟಿಯಲ್ಲಿ ಇದನ್ನು ಮೇಲಿನ ಸಾಲಿನಲ್ಲಿಯೇ ಬರೆಯುತ್ತೇನೆ. ಆ ಬಾಕಿಯನ್ನು ಇಂದು ತೀರಿಸಲು ಯತ್ನಿಸುತ್ತೇನೆ. ತೀರಿಸುತ್ತಲೇ ಒಂದು ಅಭಿಪ್ರಾಯವನ್ನೂ ಮುಂದಿಡುತ್ತೇನೆ. ನಮ್ಮ ಜೋಳವನ್ನು ಕಾಳಿನಿಂದ ಮಾತ್ರ ಅಳೆಯುವುದು ತಪ್ಪು. ಕಣಿಕೆಯನ್ನೂ ಬೆಳೆಯೆಂದು ಎಣಿಸಬೇಕು, ಅದರ ಗುಣವನ್ನು ಅಳೆಯಬೇಕು, ಶಾಲೆಯಲ್ಲಿ ಕಲಿಸಬೇಕು.

ಮೊದಲು ಲಿಗ್ನಿನ್ ವಿಷಯ. ಗಿಡದ ಕೋಶಭಿತ್ತಿಯಲ್ಲಿ ಸೆಲ್ಯುಲೋಸಿನ ಎಳೆಗಳಿರುತ್ತವೆ. ಸೆಲ್ಯುಲೋಸ್ ಎಂದರೆ ಸಕ್ಕರೆಯ ಅಣುಗಳು ಸಾಲಾಗಿ ಕೂಡಿದ ಸರಪಳಿ. ಅದರಲ್ಲಿ ಶಕ್ತಿಯಿದೆ, ಅದೇ ದನದ ಅನ್ನ. ಈ ಎಳೆಗಳ ನಡುವಿನ ಸಂದುಗಳಲ್ಲಿ ಲಿಗ್ನಿನ್ ತುಂಬಿಕೊಂಡು ಗಟ್ಟಿಯಾಗುತ್ತದೆ. ಕಬ್ಬಿಣದ ಸರಳುಗಳ ನಡುವೆ ಸಿಮೆಂಟು ಸುರಿದಂತೆ. ಗಿಡ ನೆಟ್ಟಗೆ ನಿಲ್ಲುವುದು ಇದರಿಂದ. ಬೇರು ಹೀರಿದ ನೀರು ಸೋರದೆ ತೆನೆಯವರೆಗೆ ಏರುವುದೂ ಇದರಿಂದಲೇ, ಏಕೆಂದರೆ ಲಿಗ್ನಿನ್ ನೀರನ್ನು ಒಳಬಿಡುವುದಿಲ್ಲ. ಸಸ್ಯಗಳು ನೀರಿನಿಂದ ನೆಲಕ್ಕೆ ಬಂದು ಎತ್ತರ ಬೆಳೆಯಲು ಸಾಧ್ಯವಾದದ್ದು ಇಂಥ ಗಟ್ಟಿ ಕೊಳವೆಗಳಿಂದ. ಮರದ ಒಣತೂಕದಲ್ಲಿ ಸುಮಾರು ಶೇಕಡಾ 20ರಿಂದ 30ರಷ್ಟು ಲಿಗ್ನಿನ್ ಇರುತ್ತದೆ. ಜೋಳದ ದಂಟಿನಲ್ಲಿ ಅದಕ್ಕಿಂತ ಕಡಿಮೆ.

ಎತ್ತಿನ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಸೆಲ್ಯುಲೋಸನ್ನು ಒಡೆಯುವವು ಅವೇ; ಎತ್ತಿಗೆ ಸ್ವಂತವಾಗಿ ಆ ಸಾಮರ್ಥ್ಯವಿಲ್ಲ. ಆದರೆ ಲಿಗ್ನಿನ್ ಸುತ್ತುವರಿದ ಸೆಲ್ಯುಲೋಸಿನ ಬಳಿಗೆ ಅವು ಸುಲಭವಾಗಿ ಹೋಗಲಾರವು. ಲಿಗ್ನಿನ್ ಅನ್ನು ಒಡೆಯಲು ಆಮ್ಲಜನಕ ಬೇಕು. ಮಳೆಗಾಲದಲ್ಲಿ ಕೊಳೆತ ಕೊರಡಿನ ಮೇಲೆ ಏಳುವ ಕೆಲವು ಅಣಬೆಗಳಿಗೆ ಆ ವಿದ್ಯೆ ಗೊತ್ತು. ರೂಮೆನ್‌ನೊಳಗೆ ಗಾಳಿ ಇಲ್ಲವೆಂದೇ ಹೇಳಬಹುದು. ಹೀಗಾಗಿ ದಂಟಿನಲ್ಲಿ ಅನ್ನವಿದ್ದೂ ಅದು ದಕ್ಕದೆ ಸೆಗಣಿಯಾಗಿ ಹೊರಬೀಳುತ್ತದೆ. ಗೋದಲಿಯಲ್ಲಿ ಉಳಿದ ಬುಡದ ತುಂಡುಗಳನ್ನು ನನ್ನ ತಾಯಿ ಬೆಳಿಗ್ಗೆ ಒಲೆಗೆ ಹಾಕುತ್ತಿದ್ದರು. ಅವು ಚೆನ್ನಾಗಿ ಉರಿಯುತ್ತಿದ್ದವು.

ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಗೆ ಸಿಕ್ಕಿತು. ಅರ್ಧ ಮಾತ್ರ ಎನ್ನುತ್ತೇನೆ, ಏಕೆಂದರೆ ದನ ಕಣಿಕೆ ಬಿಡುವುದಕ್ಕೆ ಕಾರಣ ಒಂದೇ ಅಲ್ಲ. ದಂಟು ದಪ್ಪವಿದ್ದರೆ, ಎಲೆ ಕಡಿಮೆಯಿದ್ದರೆ, ರಸವಿಲ್ಲದೆ ಬೆಂಡಾಗಿದ್ದರೆ ಕೂಡ ಬಿಡುತ್ತದೆ. ಎಲೆಯ ನಡುನರ ಬೆಳ್ಳಗಿದ್ದರೆ ದಂಟಿನಲ್ಲಿ ರಸ ಕಡಿಮೆ, ಮಸುಕು ಹಸಿರಾಗಿದ್ದರೆ ರಸ ಹೆಚ್ಚು ಎಂದು ಅನುಭವವುಳ್ಳ ರೈತರು ನೋಡಿಯೇ ಹೇಳುತ್ತಾರೆ. ಆದರೆ ತಿಂದದ್ದರಲ್ಲಿ ಎಷ್ಟು ದಕ್ಕುತ್ತದೆ ಎಂಬ ಲೆಕ್ಕದಲ್ಲಿ ಲಿಗ್ನಿನ್‌ನದು ದೊಡ್ಡ ಪಾತ್ರ.

ಇನ್ನುಳಿದ ಅರ್ಧ ಉತ್ತರ ಇರುವುದು ಗಿಡ ಲಿಗ್ನಿನ್ ಅನ್ನು ಹೇಗೆ ತಯಾರಿಸುತ್ತದೆ ಎಂಬುದರಲ್ಲಿ. ಅದನ್ನು ನನಗೆ ಕಲಿಸಿದವಳು ನನ್ನ ತಮ್ಮನ ಮಗಳು. ಅವಳು ಧಾರವಾಡದಲ್ಲಿ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ತರಗತಿಯಲ್ಲಿದ್ದಾಗ ರಜೆಗೆ ಮನೆಗೆ ಬಂದಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಬಣ್ಣದ ರಿಬ್ಬನ್ನುಗಳನ್ನು ಸುತ್ತಿ ಮುದ್ದೆ ಮಾಡಿದಂಥ ಒಂದು ಚಿತ್ರವನ್ನು ತಿರುಗಿಸುತ್ತ ಕುಳಿತಿದ್ದಳು. ಏನಮ್ಮಾ ಇದು ಎಂದೆ. "ಕಿಣ್ವ, ದೊಡ್ಡಪ್ಪಾ. ಲಿಗ್ನಿನ್ ಮಾಡೋ ಕಿಣ್ವ. ಜ್ವಾಳದ್ದು" ಎಂದಳು. ಜೋಳದ್ದು ಎಂಬ ಮಾತು ಕೇಳಿ ನಾನು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. ಅಂದು ಸಂಜೆ ಅವಳು ಗುರು, ನಾನು ಶಿಷ್ಯ.

ಲಿಗ್ನಿನ್ ತಯಾರಿಕೆಯ ದಾರಿ ಹೀಗಿದೆ. ಗಿಡವು ಫೀನೈಲ್‌ಅಲನಿನ್ ಎಂಬ ಅಮೈನೊ ಆಮ್ಲವನ್ನು ಕಚ್ಚಾ ಸಾಮಗ್ರಿಯಾಗಿ ತೆಗೆದುಕೊಳ್ಳುತ್ತದೆ. ಜೋಳದಂಥ ಹುಲ್ಲಿನ ಜಾತಿಯ ಸಸ್ಯಗಳು ಟೈರೋಸಿನ್ ಅನ್ನೂ ಬಳಸಿಕೊಳ್ಳುತ್ತವೆ. ಅದು ಹತ್ತರಷ್ಟು ಕಿಣ್ವಗಳ ಕೈಯಿಂದ ಕೈಗೆ ಸಾಗುತ್ತದೆ. ಒಂದು ಕಿಣ್ವ ಅಮೋನಿಯವನ್ನು ತೆಗೆಯುತ್ತದೆ, ಇನ್ನೊಂದು ಹೈಡ್ರಾಕ್ಸಿಲ್ ಗುಂಪನ್ನು ಸೇರಿಸುತ್ತದೆ, ಮತ್ತೊಂದು ಮೀಥೈಲ್ ಗುಂಪನ್ನು ಅಂಟಿಸುತ್ತದೆ. ಕೊನೆಗೆ ಮೂರು ಬಗೆಯ ಇಟ್ಟಿಗೆಗಳು ಸಿದ್ಧವಾಗುತ್ತವೆ. ಮೂರರ ಆಕಾರ ಬಹುಪಾಲು ಒಂದೇ. ಒಂದಕ್ಕೆ ಮೀಥಾಕ್ಸಿ ಗುಂಪು ಇಲ್ಲ, ಒಂದಕ್ಕೆ ಒಂದಿದೆ, ಇನ್ನೊಂದಕ್ಕೆ ಎರಡಿವೆ. ಈ ಇಟ್ಟಿಗೆಗಳು ಕೋಶದಿಂದ ಹೊರಬಂದು ಭಿತ್ತಿಯಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಯಾವ ಇಟ್ಟಿಗೆ ಎಷ್ಟಿದೆ ಎಂಬುದರ ಮೇಲೆ ಲಿಗ್ನಿನ್‌ನ ಸ್ವಭಾವ ನಿರ್ಧಾರವಾಗುತ್ತದೆ.

ಬ್ಯಾಡಗಿಯ ಬಂಧುಗಳಿಗಾಗಿ ಇಲ್ಲೊಂದು ಮಾತು. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಿಮ್ಮೂರ ಮೆಣಸಿನಕಾಯಿಯೂ ಈ ದಾರಿಯ ನೆಂಟನೇ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ನ ಅರ್ಧ ಭಾಗ ಇದೇ ಫೀನೈಲ್‌ಅಲನಿನ್‌ನಿಂದ, ಇದೇ ದಾರಿಯ ಮೊದಲ ಮೆಟ್ಟಿಲುಗಳನ್ನು ಹತ್ತಿ ಬರುತ್ತದೆ. ಆಮೇಲೆ ಕವಲೊಡೆದು ಬೇರೆ ಕಡೆ ಹೋಗುತ್ತದೆ. ಖಾರವನ್ನು ಕೊನೆಯ ಹಂತದಲ್ಲಿ ಜೋಡಿಸುವ ಕಿಣ್ವವೂ ಲಿಗ್ನಿನ್ ದಾರಿಯ ಒಂದು ಮುಖ್ಯ ಕಿಣ್ವವೂ ಒಂದೇ ಮನೆತನಕ್ಕೆ ಸೇರಿದವು. ಆ ಕೊನೆಯ ಕಿಣ್ವದ ವಂಶವಾಹಿ ಕೆಟ್ಟಿರುವುದರಿಂದಲೇ ದೊಣ್ಣೆ ಮೆಣಸಿನಕಾಯಿ ಖಾರವಿಲ್ಲದೆ ಬೆಳೆಯುತ್ತದೆ. ಒಂದೇ ಮನೆತನದ ಕಿಣ್ವಗಳಲ್ಲಿ ಒಂದು ದಂಟನ್ನು ಗಟ್ಟಿ ಮಾಡುತ್ತದೆ, ಇನ್ನೊಂದು ನಮ್ಮ ಬಾಯಿ ಸುಡುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು? ಕಿಣ್ವದ ಒಳಗಿನ ಪೊಟರೆಯ ಆಕಾರದಿಂದ.

ಈ ಪೊಟರೆಯ ವಿಷಯವನ್ನು ನಾನು ಮೂರು ದಶಕ ತಪ್ಪಾಗಿಯಲ್ಲದಿದ್ದರೂ ಬಡವಾಗಿ ಕಲಿಸಿದೆ. "ಕಿಣ್ವವು ಬೀಗ, ಅದು ಹಿಡಿಯುವ ವಸ್ತು ಕೀಲಿಕೈ" ಎಂಬ ಹೋಲಿಕೆಯನ್ನು ಎಮಿಲ್ ಫಿಶರ್ 1894ರಲ್ಲಿ ಕೊಟ್ಟರು. ಆ ವಸ್ತುವನ್ನು ಪುಸ್ತಕಗಳು ಸಬ್‌ಸ್ಟ್ರೇಟ್ ಎನ್ನುತ್ತವೆ. ನೀವೆಲ್ಲ ಅದನ್ನು ಬಾಯಿಪಾಠ ಮಾಡಿ ಬರೆದಿದ್ದೀರಿ, ನಾನು ಅಂಕ ಕೊಟ್ಟಿದ್ದೇನೆ. ಆದರೆ 1958ರಲ್ಲಿಯೇ ಡೇನಿಯಲ್ ಕೋಶ್ಲ್ಯಾಂಡ್ ಎಂಬ ವಿಜ್ಞಾನಿ ಈ ಹೋಲಿಕೆ ಸಾಲದು ಎಂದಿದ್ದರು. ಬೀಗ ಕೀಲಿಕೈಗಾಗಿ ತನ್ನ ಆಕಾರವನ್ನು ಬದಲಿಸುವುದಿಲ್ಲ, ಕಿಣ್ವ ಬದಲಿಸುತ್ತದೆ. ವಸ್ತು ಒಳಗೆ ಬಂದಾಗ ಪೊಟರೆ ತುಸು ಮುಚ್ಚಿಕೊಂಡು ಅದನ್ನು ಸರಿಯಾಗಿ ಹಿಡಿಯುತ್ತದೆ. ಹಾಲು ಕರೆಯುವವರ ಕೈ ಕೆಚ್ಚಲಿಗೆ ತಕ್ಕಂತೆ ಹೊಂದಿಕೊಳ್ಳುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ.

ಜೋಳದ ಕಿಣ್ವದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ಕಿಣ್ವವನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ, ಪರಮಾಣುಗಳು ಎಲ್ಲೆಲ್ಲಿವೆ ಎಂಬುದನ್ನು ಗುರುತಿಸುವ ವಿಧಾನವದು. 2013ರಲ್ಲಿ ಅವರು ಪ್ರಕಟಿಸಿದ ಒಂದು ಕಿಣ್ವದ ರಚನೆ ನನ್ನನ್ನು ಬೆರಗುಗೊಳಿಸಿತು. ಅದರ ಸಂಕ್ಷಿಪ್ತ ಹೆಸರು ಎಚ್‌ಸಿಟಿ. ನಾನು ಮೇಲೆ ಖಾರದ ಕಿಣ್ವದ ನೆಂಟನೆಂದು ಹೇಳಿದ್ದು ಇದನ್ನೇ. ಇದರ ದೇಹ ಎರಡು ಭಾಗಗಳದ್ದು. ನಡುವೆ ಆರಪಾರು ಒಂದು ಸುರಂಗವಿದೆ. ಒಂದು ಬಾಗಿಲಿನಿಂದ ಲಿಗ್ನಿನ್‌ನ ಅರೆಬೆಂದ ಇಟ್ಟಿಗೆ ತನ್ನ ವಾಹಕದ ಮೇಲೆ ಕುಳಿತು ಬರುತ್ತದೆ. ಎದುರು ಬಾಗಿಲಿನಿಂದ ಶಿಕಿಮಿಕ್ ಆಮ್ಲ ಬರುತ್ತದೆ. ಸುರಂಗದ ನಡುವೆ ಎರಡೂ ಭೇಟಿಯಾಗುತ್ತವೆ. ಅಲ್ಲಿ ಕಾದಿರುವ ಒಂದು ಹಿಸ್ಟಿಡಿನ್ ಶಿಕಿಮಿಕ್ ಆಮ್ಲದಿಂದ ಒಂದು ಪ್ರೋಟಾನನ್ನು ಎಳೆದುಕೊಳ್ಳುತ್ತದೆ. ಇಟ್ಟಿಗೆ ವಾಹಕದಿಂದ ಇಳಿದು ಶಿಕಿಮಿಕ್ ಆಮ್ಲದ ಹೆಗಲೇರುತ್ತದೆ.

ಕೋಶದಲ್ಲಿ ನೂರಾರು ಅಣುಗಳು ಅಲೆಯುತ್ತಿರುವಾಗ ಶಿಕಿಮಿಕ್ ಆಮ್ಲವನ್ನೇ ಕಿಣ್ವ ಹೇಗೆ ಗುರುತಿಸುತ್ತದೆ? ಪೊಟರೆಯ ಗೋಡೆಯಲ್ಲಿ ಅರ್ಜಿನೈನ್ ಎಂಬ ಅಮೈನೊ ಆಮ್ಲವೊಂದು ಕೈಚಾಚಿಕೊಂಡಿದೆ. ಅದಕ್ಕೆ ಧನ ವಿದ್ಯುದಂಶ. ಶಿಕಿಮಿಕ್ ಆಮ್ಲದ ತುದಿಗೆ ಋಣ ವಿದ್ಯುದಂಶ. ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ವಿಜ್ಞಾನಿಗಳು ಇದನ್ನು ಅರ್ಜಿನೈನ್‌ನ ಹಿಡಿಕೆ ಎಂದೇ ಕರೆದಿದ್ದಾರೆ. ಸ್ವಾರಸ್ಯವೆಂದರೆ ಈ ಕಿಣ್ವ ಅಷ್ಟೇನೂ ಕಟ್ಟುನಿಟ್ಟಲ್ಲ. ಆಕಾರದಲ್ಲಿ ಹೋಲುವ ಬೇರೆ ಅಣುಗಳು ಬಂದರೆ ಅವನ್ನೂ ಆಗಾಗ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಹಿಡಿಕೆಗೆ ಸಿಗುವ ತನ್ನವನಿಗೆ ಆದ್ಯತೆ. ಈ ಸಡಿಲಿಕೆಯಿಂದಲೇ ಒಂದು ಮನೆತನದ ಕಿಣ್ವಗಳು ಕಾಲಕ್ರಮದಲ್ಲಿ ಬೇರೆ ಬೇರೆ ಕಸುಬು ಕಲಿತಿರಬೇಕು.

ಇನ್ನೊಂದು ಕಿಣ್ವದ ಹೆಸರು ಸಿಒಎಂಟಿ. ಇಟ್ಟಿಗೆಗೆ ಮೀಥೈಲ್ ಗುಂಪು ಅಂಟಿಸುವುದು ಇದರ ಕೆಲಸ. ಕುದುರೆ ಮೆಂತೆಯ ಸಿಒಎಂಟಿಯ ರಚನೆ 2002ರಲ್ಲಿ, ಜೋಳದ್ದು 2014ರಲ್ಲಿ ಪ್ರಕಟವಾಯಿತು. ಇದು ಒಂಟಿಯಾಗಿ ದುಡಿಯುವುದಿಲ್ಲ. ಎರಡು ಪ್ರತಿಗಳು ಜೊತೆಗೂಡಿದರೇ ಕೆಲಸ. ಪೊಟರೆಯ ಗೋಡೆಗೆ ಪಕ್ಕದ ಜೊತೆಗಾರನೂ ಒಂದು ತುಂಡನ್ನು ಒದಗಿಸುತ್ತಾನೆ. ನೊಗಕ್ಕೆ ಜೋಡೆತ್ತು ಬೇಕಾದಂತೆ.

ಈಗ ಕಣಿಕೆಗೆ ಮರಳೋಣ. 1924ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲವು ಗೋವಿನಜೋಳದ ಗಿಡಗಳ ಎಲೆಯ ನಡುನರ ಕಂದುಬಣ್ಣವಾಗಿರುವುದು ಕಂಡುಬಂದಿತು. ಇಂಥ ಗಿಡಗಳಲ್ಲಿ ಲಿಗ್ನಿನ್ ಕಡಿಮೆ, ಅವುಗಳ ಮೇವು ಹೆಚ್ಚು ದಕ್ಕುತ್ತದೆ ಎಂಬುದು ಮುಂದೆ ತಿಳಿಯಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಜೋಳದ ಬೀಜಕ್ಕೆ ರಾಸಾಯನಿಕ ಉಪಚಾರ ಮಾಡಿ ಅಂಥದೇ ಕಂದುನರದ ಜೋಳವನ್ನು ಪಡೆದು 1978ರಲ್ಲಿ ವರದಿ ಮಾಡಿದರು. ಹುಡುಕುತ್ತ ಹೋದಾಗ, ಕಂದುನರದ ಒಂದು ಬಗೆಯ ಜೋಳದಲ್ಲಿ ಕೆಟ್ಟಿದ್ದದ್ದು ಇದೇ ಸಿಒಎಂಟಿ ಎಂದು ಗೊತ್ತಾಯಿತು. ಕೆಲವು ಗಿಡಗಳಲ್ಲಿ ಆ ಕಿಣ್ವ ಅರ್ಧಕ್ಕೇ ತುಂಡಾಗಿ ನಿಂತಿರುತ್ತದೆ. ಇನ್ನು ಕೆಲವುಗಳಲ್ಲಿ ಕಿಣ್ವ ಪೂರ್ತಿಯಾಗಿಯೇ ಇದೆ. ಅದರ ಸುಮಾರು 360 ಅಮೈನೊ ಆಮ್ಲಗಳಲ್ಲಿ ಒಂದೇ ಒಂದು ಬದಲಾಗಿದೆ. ಒಂದು ಅಲನಿನ್ ಇದ್ದಲ್ಲಿ ತುಸು ದಪ್ಪದ ವ್ಯಾಲಿನ್ ಬಂದಿದೆ, ಅಷ್ಟೇ. ಅಷ್ಟಕ್ಕೇ ಕಿಣ್ವದ ಮಡಿಕೆ ಸಡಿಲಗೊಂಡು ಕೆಲಸ ಕುಸಿಯುತ್ತದೆ. ಎಲೆಯ ನರ ಕಂದಾಗುತ್ತದೆ. ಎಮ್ಮೆಗೆ ಅದೇ ದಂಟಿನಿಂದ ಹೆಚ್ಚು ಅನ್ನ ದಕ್ಕುತ್ತದೆ.

ಒಂದು ಅಕ್ಷರ ತಪ್ಪಿದರೆ ಅರ್ಥವೇ ಕೆಡುತ್ತದೆ ಎಂದು ಕನ್ನಡ ಪಂಡಿತರು ಹೇಳುತ್ತಿದ್ದುದನ್ನು ಕೇಳಿದ್ದೆ. ಕೆಲವೊಮ್ಮೆ ತಪ್ಪಿದ ಅಕ್ಷರವೂ ಉಪಕಾರಿಯಾಗುತ್ತದೆ ಎಂಬುದನ್ನು ಜೋಳದಿಂದ ಕಲಿತೆ.

ಹಾಗಾದರೆ ಲಿಗ್ನಿನ್ ಅನ್ನು ತೆಗೆದೇಬಿಡೋಣವೆ? ಇಲ್ಲಿ ನಾನು ಎಚ್ಚರಿಕೆಯ ಪಕ್ಷ. ಗಿಡ ಆ ಸಿಮೆಂಟನ್ನು ಸುಮ್ಮನೆ ಹಾಕಿಕೊಂಡಿಲ್ಲ. ತೆನೆ ತುಂಬಿದ ಜೋಳಕ್ಕೆ ಗಾಳಿ ಬೀಸಿದರೆ ಏನಾಗುತ್ತದೆಂದು ನಮ್ಮಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಕಂದುನರದ ಕೆಲವು ತಳಿಗಳು ನೆಲಕ್ಕೆ ಒರಗಿದ್ದೂ, ಇಳುವರಿ ಕಳೆದುಕೊಂಡದ್ದೂ ಉಂಟು. ಕೆಲವು ತಳಿಗಳು ಚೆನ್ನಾಗಿಯೇ ನಿಂತದ್ದೂ ಉಂಟು. ಯಾವ ಕಿಣ್ವ ಕೆಟ್ಟಿದೆ, ಯಾವ ತಳಿಯಲ್ಲಿ ಕೆಟ್ಟಿದೆ ಎಂಬುದರ ಮೇಲೆ ಇದು ನಿಂತಿದೆ. ಕಿಣ್ವವನ್ನು ಪೂರ್ತಿ ಕೆಡಿಸುವುದು ಕೊಡಲಿಯ ಕೆಲಸ. ಪೊಟರೆಯ ರಚನೆ ತಿಳಿದ ಮೇಲೆ ಉಳಿಯ ಕೆಲಸಕ್ಕೆ ದಾರಿ ತೆರೆದಿದೆ: ದಂಟು ನಿಲ್ಲಲು ಬೇಕಾದಷ್ಟು ಲಿಗ್ನಿನ್ ಇರಲಿ, ಅದರ ಸ್ವಭಾವ ತುಸು ಬದಲಾಗಲಿ ಎಂದು ಯೋಚಿಸಬಹುದಾಗಿದೆ. ರಚನೆಯ ಅಧ್ಯಯನಕ್ಕೆ ಹಣವೇಕೆ, ಅದರಿಂದ ರೈತನಿಗೇನು ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ಇನ್ನು ನಮ್ಮ ನೆಲದ ಮಾತು. ನನ್ನ ಬಾಲ್ಯದಲ್ಲಿ ಜೋಳದ ರಾಶಿಯಾದ ಮೇಲೆ ಹಿತ್ತಲಲ್ಲಿ ಬಣವೆ ಒಟ್ಟುವುದು ಒಂದು ಗಂಭೀರ ಕೆಲಸವಾಗಿತ್ತು. ಮನೆಯ ಶ್ರೀಮಂತಿಕೆಯನ್ನು ಹಗೇವಿನ ಜೊತೆಗೆ ಬಣವೆಯಿಂದಲೂ ಅಳೆಯುತ್ತಿದ್ದರು. ಹೆಣ್ಣು ಕೊಡುವವರು ಬಂದರೆ ಮೊದಲು ಕಣ್ಣು ಹಾಯುತ್ತಿದ್ದದ್ದು ಬಣವೆಯ ಕಡೆಗೆ. ನನ್ನ ತಂದೆ ಬೀಜಕ್ಕೆ ತೆನೆ ಆರಿಸುವಾಗ ತೆನೆಯೊಂದನ್ನೇ ನೋಡುತ್ತಿರಲಿಲ್ಲ. ಅದರ ದಂಟನ್ನು ಮುರಿದು, ತುಂಡನ್ನು ಬಾಯಿಗೆ ಹಾಕಿ ಅಗಿದು ನೋಡುತ್ತಿದ್ದರು. ಸಿಹಿಯಾಗಿ, ಹಲ್ಲಿಗೆ ಮೆತ್ತಗಿದ್ದರೆ ಆ ತೆನೆ ಬೀಜಕ್ಕೆ. ಎತ್ತಿನ ಪರವಾಗಿ ಅವರು ಪರೀಕ್ಷೆ ನಡೆಸುತ್ತಿದ್ದರು. ಲಿಗ್ನಿನ್ ಎಂಬ ಶಬ್ದ ಅವರ ಕಿವಿಗೆ ಬಿದ್ದಿರಲಿಲ್ಲ.

1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಿಡುಗಡೆಯಾಯಿತು. ಗಿಡ್ಡ ಗಿಡ, ಹೆಚ್ಚು ಕಾಳು. ಹಸಿವಿನ ಆ ದಿನಗಳಲ್ಲಿ ಅದು ಬೇಕಾಗಿತ್ತು. ನಾನು ಅದನ್ನು ದೂರುವುದಿಲ್ಲ. ಆದರೆ ಹಿಂಗಾರಿ ಜೋಳ ಬೆಳೆಯುವ ರೈತರು ಸೊಲ್ಲಾಪುರದ ಕಡೆಯ ಮಾಲದಂಡಿಯನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ರೊಟ್ಟಿಯ ರುಚಿಯ ಜೊತೆಗೆ ಮೇವೂ ಅದಕ್ಕೆ ಕಾರಣ. ಅವರನ್ನು ಹಿಂದುಳಿದವರೆಂದು ಕರೆದ ಭಾಷಣಗಳನ್ನು ನಾನು ಕೇಳಿದ್ದೇನೆ. ಅವರು ಎರಡು ಬೆಳೆಗಳ ಲೆಕ್ಕ ಹಾಕುತ್ತಿದ್ದರು, ಭಾಷಣಕಾರರು ಒಂದರ ಲೆಕ್ಕ ಹಾಕುತ್ತಿದ್ದರು.

ಪೇಟೆಯೂ ರೈತರ ಪರವಾಗಿ ಸಾಕ್ಷಿ ನುಡಿದಿದೆ. ಹೈದರಾಬಾದಿನ ಮೇವಿನ ಮಾರುಕಟ್ಟೆಯಲ್ಲಿ ಜೋಳದ ಕಣಿಕೆಯ ಬೆಲೆಯನ್ನೂ ಅದರ ಜೀರ್ಣಶೀಲತೆಯನ್ನೂ ಹೋಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಜೀರ್ಣಶೀಲತೆ ಶೇಕಡಾ ನಾಲ್ಕೈದು ಅಂಶ ಹೆಚ್ಚಿದ್ದರೂ ಬೆಲೆಯಲ್ಲಿ ಎದ್ದು ಕಾಣುವ ಅಂತರವಿತ್ತು. ಪ್ರಯೋಗಾಲಯದ ಯಾವ ಸಲಕರಣೆಯೂ ಇಲ್ಲದೆ ವ್ಯಾಪಾರಿಗಳು ಒಳ್ಳೆಯ ಕಣಿಕೆಯನ್ನು ಗುರುತಿಸಿ ಹೆಚ್ಚು ಬೆಲೆ ಕೊಡುತ್ತಿದ್ದರು. ಅಂದಿನಿಂದ ನಮ್ಮ ದೇಶದ ಜೋಳದ ವಿಜ್ಞಾನಿಗಳೂ ಮೇವಿನ ಗುಣದ ಕಡೆಗೆ ಗಮನ ಕೊಡುತ್ತಿದ್ದಾರೆ, ಕಂದುನರದ ಮೇವಿನ ಜೋಳದ ಮೇಲೂ ಕೆಲಸ ನಡೆದಿದೆ ಎಂಬುದು ಸಂತೋಷದ ಸಂಗತಿ. ಆದರೆ ಆ ಗಮನ ಬೀಜದ ಅಂಗಡಿಯವರೆಗೆ ಬಂದಿಲ್ಲ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ಎಕರೆಗೆ ಎಷ್ಟು ಕ್ವಿಂಟಲ್ ಎಂಬ ಮಾತು ಇತ್ತು. ಕಣಿಕೆ ಹೇಗಿರುತ್ತದೆ ಎಂದು ಕೇಳಿದರೆ ಅಂಗಡಿಯವರು ನನ್ನ ಮುಖ ನೋಡಿದರು.

"ಈಗ ಎತ್ತು ಎಲ್ಲಿವೆ? ಉಳುಮೆಗೆ ಟ್ರ್ಯಾಕ್ಟರ್ ಇದೆಯಲ್ಲ" ಎಂದು ನೀವು ಕೇಳಬಹುದು. ನನ್ನ ವಿದ್ಯಾರ್ಥಿಯೂ ಎತ್ತು ಮಾರಿ ಆರು ವರ್ಷವಾಯಿತೆಂದ. ಆದರೆ ಅವನ ಮನೆಯಲ್ಲಿ ಎರಡು ಎಮ್ಮೆಗಳಿವೆ, ದಿನಾಲೂ ಡೇರಿಗೆ ಹಾಲು ಹಾಕುತ್ತಾನೆ, ಬೇಸಿಗೆಯಲ್ಲಿ ಮೇವನ್ನು ದುಡ್ಡು ಕೊಟ್ಟು ತರುತ್ತಾನೆ. ಅವನ ಹೊಲದಲ್ಲಿ ಜೋಳವಿಲ್ಲ. ನಮ್ಮ ಜಿಲ್ಲೆಯ ಬಹಳಷ್ಟು ಹೊಲಗಳಂತೆ ಗೋವಿನಜೋಳವಿದೆ. ಹೆಸರಿನಲ್ಲಿ ಗೋವು ಇದ್ದರೂ ಅದರ ಒಣದಂಟನ್ನು ದನ ಇಷ್ಟಪಟ್ಟು ತಿನ್ನುವುದಿಲ್ಲ. ಸುಗ್ಗಿಯ ನಂತರ ಹೆದ್ದಾರಿಯ ಬದಿಯ ಹೊಲಗಳಲ್ಲಿ ಆ ದಂಟಿಗೆ ಬೆಂಕಿ ಇಟ್ಟಿರುವುದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತೇನೆ. ಒಂದು ಕಡೆ ಮೇವು ಉರಿಯುತ್ತದೆ, ಇನ್ನೊಂದು ಕಡೆ ಮೇವಿಗೆ ಹಣ ಕೊಡುತ್ತೇವೆ. ಗೋವಿನಜೋಳವನ್ನು ಬಿಡಿ ಎಂದು ಹೇಳಲು ನನಗೆ ಅಧಿಕಾರವಿಲ್ಲ. ಅದು ಮನೆಗಳನ್ನು ಕಟ್ಟಿಸಿದೆ, ಮಕ್ಕಳನ್ನು ಓದಿಸಿದೆ. ಆದರೆ ಅದರ ದಂಟೂ ಜೀರ್ಣವಾಗುವಂತಿರಬೇಕೆಂದು ಬೀಜ ಕೊಡುವವರನ್ನು ಕೇಳುವ ಅಧಿಕಾರ ನಮಗೆಲ್ಲರಿಗೂ ಇದೆ.

ನಮ್ಮ ಜಿಲ್ಲೆಯ ಕಾಗಿನೆಲೆಯ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ರಾಗಿ ಮತ್ತು ಭತ್ತದ ವಾದವನ್ನು ರಾಮನ ಸಭೆಗೆ ಒಯ್ದರು. ಕೀಳೆಂದು ಕಂಡ ಧಾನ್ಯಕ್ಕೆ ಗೆಲುವು ಕೊಡಿಸಿದರು. ಧಾನ್ಯಕ್ಕೆ ವಕೀಲರು ಸಿಕ್ಕರು. ಕಣಿಕೆಗೆ ಇನ್ನೂ ಸಿಕ್ಕಿಲ್ಲ.

ನನ್ನ ಕೋರಿಕೆಗಳು ಎರಡೇ. ತಳಿಯೊಂದನ್ನು ರೈತನ ಕೈಗೆ ಕೊಡುವಾಗ ಕಾಳಿನ ತೂಕದೊಂದಿಗೆ ಕಣಿಕೆಯ ತೂಕವನ್ನೂ ಅದರ ಜೀರ್ಣಶೀಲತೆಯನ್ನೂ ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಯಲಿ. ನಿಮ್ಮಲ್ಲಿ ಕೆಲವರು ಕೃಷಿ ಇಲಾಖೆಯಲ್ಲಿದ್ದೀರಿ, ಕೆಲವರು ರಾಣೆಬೆನ್ನೂರಿನ ಬೀಜದ ವ್ಯವಹಾರದಲ್ಲಿದ್ದೀರಿ. ಈ ಮಾತನ್ನು ನಿಮ್ಮ ಸಭೆಗಳಲ್ಲಿ ಎತ್ತಿರಿ. ಎರಡನೆಯದು ನಿಮ್ಮಲ್ಲಿ ಶಿಕ್ಷಕರಾದವರಿಗೆ. ಲಿಗ್ನಿನ್ ಪಾಠವನ್ನು ಹಲಗೆಯಿಂದ ಆರಂಭಿಸಬೇಡಿ. ಮಕ್ಕಳಿಗೆ ಎರಡು ಬಗೆಯ ದಂಟು ತರಲು ಹೇಳಿ. ಅಗಿದು ನೋಡಲಿ. ತೆಳ್ಳಗೆ ಅಡ್ಡಸೀಳು ಮಾಡಿ ಸಫ್ರನಿನ್ ಹನಿ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಲಿಗ್ನಿನ್ ಇರುವಲ್ಲೆಲ್ಲ ಕೆಂಪು ಕಾಣುತ್ತದೆ. ಸಿಪ್ಪೆಯ ಒಳಗೆ ಒತ್ತಾಗಿ, ನಡುವೆ ವಿರಳವಾಗಿ ಕೆಂಪು ಚುಕ್ಕೆಗಳು. ನಿವೃತ್ತಿಯ ಹಿಂದಿನ ಎರಡು ವರ್ಷ ನಾನು ಹೀಗೆ ಮಾಡಿದೆ. ಎಂದೂ ಬಾಯಿ ಬಿಡದ ಮಕ್ಕಳು ಅಂದು ಮಾತನಾಡಿದರು, ಏಕೆಂದರೆ ಮೇವಿನ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು.

ಹಬ್ಬದ ಆ ದಿನ ಹೋರಿಗಳ ಗದ್ದಲದ ನಡುವೆ ಇಷ್ಟನ್ನೆಲ್ಲ ಹೇಳಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಹಿತ್ತಲಲ್ಲಿ ಎಮ್ಮೆಗಳ ಎದುರು ಕುಳಿತು, ಗೋದಲಿಯಲ್ಲಿ ಉಳಿದಿದ್ದ ಒಂದು ಬುಡದ ತುಂಡನ್ನು ಕೈಯಲ್ಲಿ ಹಿಡಿದು, ಸುರಂಗದ ಕಥೆಯನ್ನೂ ಹಿಡಿಕೆಯ ಕಥೆಯನ್ನೂ ಹೇಳಿದೆ. ಅವನು ಶ್ರದ್ಧೆಯಿಂದ ಕೇಳಿದ. ಕೊನೆಗೆ, "ಹಂಗಾದ್ರ ಸರ, ಅವತ್ತು ನಾ ಕೇಳಿದ್ದು ಸರಿ ಇತ್ತ್ರಿ?" ಎಂದ.

"ಸರಿ ಇತ್ತಪ್ಪಾ. ಉತ್ತರ ತಪ್ಪಿತ್ತು" ಎಂದೆ. ಅವನ ಹೆಂಡತಿ ಚಹಾ ತಂದುಕೊಟ್ಟಳು. ಅವನು ಆ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಒಮ್ಮೆ ನೋಡಿ, ಎಮ್ಮೆಯ ಮುಂದೆ ಹಿಡಿದ. ಎಮ್ಮೆ ಮೂಸಿ ಮುಖ ತಿರುಗಿಸಿತು.